ಸಸ್ಪೆನ್ಸ್ ನನಗೆ ಬೇಡ, ಕಥೆ ಹೇಳಿ

ಮಂಡ್ಯದ ಗೆಳೆಯರಿಗೆ,

ಆಲೆಮನೆಯ ಸುತ್ತ ನೀವು ಹೆಣೆದ ಧಾರಾವಾಹಿಯ ಪ್ರಸ್ತಾವ ಓದಿದೆ. ಮಂಡ್ಯದ ಮಾತು ಚೆನ್ನಾಗಿ ಬಂದಿದೆ, ಟೈಪಿಂಗೂ ನೀಟಾಗಿದೆ. ಹೊಗಳಿದ್ದಾಯಿತು. ಇನ್ನು ಸಿಟ್ಟು ಯಾಕೆ ಬಂತು ಅಂತ ಹೇಳುತ್ತೇನೆ.

ಮೊದಲ ಸಾಲು: 'ಇದು ಪ್ರತಿ ಮನೆಯ ಕಣ್ಣೀರಿನ ಕಥೆ.' ಯಾರ ಮನೆ? ಯಾರು ಅತ್ತರು, ಯಾಕೆ?

ಎರಡನೇ ಸಾಲು: 'ಗೌರಿ ದಿಟ್ಟ ಹೆಣ್ಣು, ಅನ್ಯಾಯ ಸಹಿಸದವಳು.' ಸರಿ, ಏನು ಮಾಡಿದಳು? ಐದು ಪುಟ ತಿರುವಿದೆ. ಬರೀ ನಿಟ್ಟುಸಿರು ಬಿಡುತ್ತಾಳೆ. ಆರನೇ ಪುಟದ ತಳದಲ್ಲಿ ಸುಮ್ನೆ ಒಂದು ಮಾತು ಬಿಸಾಡಿದ್ದೀರಿ: ಮಾವ ರೈತರಿಗೆ ತೂಕದಲ್ಲಿ ಮೋಸ ಮಾಡುವುದು ಗೊತ್ತಾಗಿ, ಗೌರಿ ವೇ ಬ್ರಿಡ್ಜ್‌ನ ಅಸಲಿ ಚೀಟಿಗಳನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಡುತ್ತಾಳೆ. ಅಲ್ಲಿ ನಾನು ನೆಟ್ಟಗೆ ಕೂತೆ. ಅಲ್ಲ, ಇದನ್ನು ಹೂತಿಡುವುದಾ? ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ. ರೈತನಿಗೆ ಕಾಯುವ ಹಾಗಿಲ್ಲ, ಕಾಯಿಸುವುದೇ ಮಾವನಿಗೆ ಲಾಭ. ಗಾಣದ ಮುಂದೆ ಟ್ರ್ಯಾಕ್ಟರ್ ಸಾಲು, ಒಳಗೆ ಕುದಿಯುವ ಕೊಪ್ಪರಿಗೆ, ಚೀಟಿ ಅಡುಗೆಮನೆಯಲ್ಲಿ. ಆ ಊರಲ್ಲೇ ಬೆಳೆದ ನಿಮಗೆ ಇದನ್ನು ನಾನು ಹೇಳಬೇಕಾ? ಧಾರಾವಾಹಿ ಅಂದರೆ ವಾರಕ್ಕೆ 5-6 ಸಂಚಿಕೆ, ಜಾಹೀರಾತು ಕಳೆದು ಸುಮಾರು 22 ನಿಮಿಷ. 'ದಿಟ್ಟ ಹೆಣ್ಣು' ಅನ್ನೋದು ಒಂದು ಸಂಚಿಕೆಗೂ ಸಾಲದು. ಚೀಟಿ ಆದರೆ ತಿಂಗಳುಗಟ್ಟಲೆ ಓಡುತ್ತದೆ. ಇವತ್ತು ಬಚ್ಚಿಟ್ಟಳು, ನಾಳೆ ಅತ್ತೆ ಅಕ್ಕಿ ಅಳೆಯಲು ಡಬ್ಬಕ್ಕೆ ಕೈ ಹಾಕಿದಳು.

ಕೊನೆಯ ಸಾಲು: 'ಮುಂದೇನಾಗುತ್ತದೆ? ತೆರೆಯ ಮೇಲೆ ನೋಡಿ.' ಇಲ್ಲಿ ಕಾಗದ ಎತ್ತಿ ಆಚೆ ಇಟ್ಟೆ. ಸಸ್ಪೆನ್ಸ್ ನೋಡುವವರಿಗೆ, ದುಡ್ಡು ಹಾಕುವವರಿಗಲ್ಲ. ಕದ್ದಾರು ಅನ್ನೋ ಭಯವೇ? 1957ರ ಕೃತಿಸ್ವಾಮ್ಯ ಕಾಯ್ದೆ ಬರೀ ಐಡಿಯಾವನ್ನು ಕಾಯುವುದಿಲ್ಲ, ಬರೆದಿಟ್ಟದ್ದನ್ನು ಕಾಯುತ್ತದೆ. ಬರೆಯದೆ ಉಳಿಸಿಕೊಂಡ ಕ್ಲೈಮ್ಯಾಕ್ಸ್‌ಗೇ ಅಪಾಯ ಜಾಸ್ತಿ. ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಸದಸ್ಯರಾದರೆ ಆನ್‌ಲೈನಿನಲ್ಲೇ ಕಥೆ ನೋಂದಾಯಿಸಬಹುದು. ಅದನ್ನು ಮಾಡಿ, ಆಮೇಲೆ ಬಾಯಿಬಿಟ್ಟು ಹೇಳಿ.

ನಾನು ಕಸುಬು ಕಲಿತದ್ದು ಮೈಸೂರಿನ ಸರಸ್ವತಿಪುರಂನಲ್ಲಿ, ಹಿರಿಯ ಸಂಭಾಷಣೆಕಾರರೊಬ್ಬರ ಮನೆಯಲ್ಲಿ. ಬೆಳಿಗ್ಗೆ ಶೂಟಿಂಗ್ ಆಗಬೇಕಾದ ದೃಶ್ಯಗಳನ್ನು ರಾತ್ರಿ ಕೂತು ಕಾಪಿ ಮಾಡುವುದು ನನ್ನ ಕೆಲಸ. ಹೊಸ ಕಥೆ ತಂದವರಿಗೆ ಓದಲು ಅವರು ಬಿಡುತ್ತಲೇ ಇರಲಿಲ್ಲ. 'ಕಾಗದ ಮಡಚಿಡಪ್ಪ, ಬಾಯಲ್ಲಿ ಹೇಳು' ಅನ್ನುತ್ತಿದ್ದರು. ಬಂದವರು ನಿಮ್ಮ ಗೌರಿಯಂಥ ನಾಯಕಿಯ ಗುಣಗಾನ ಶುರು ಮಾಡಿದರೆ ಒಳಗೆ ಕೂಗಿ ಕಾಫಿ ತರಿಸುತ್ತಿದ್ದರು. ಕಾಫಿ ಬಂತು ಅಂದರೆ ಕಥೆ ಬಿತ್ತು ಅಂತಲೇ. ಕಾಫಿ ಮಾತ್ರ ಬಲು ಸೊಗಸಾಗಿರುತ್ತಿತ್ತು!

ಪಾತ್ರಧಾರಿಗಳ ಫೋಟೋ, ಶೀರ್ಷಿಕೆ ಗೀತೆ ಏನೂ ಬೇಡ. ಒಂದೇ ಪುಟ ಬರೆದು ಕಳಿಸಿ. ಚೀಟಿಯಿಂದ ಶುರು ಮಾಡಿ. ಮಾವ ಸಿಕ್ಕಿಬೀಳುತ್ತಾನಾ, ಗೌರಿಯ ಗಂಡ ಯಾರ ಕಡೆ ನಿಲ್ಲುತ್ತಾನೆ, ಆಲೆಮನೆ ಕೊನೆಗೆ ಯಾರ ಕೈ ಸೇರುತ್ತದೆ, ಎಲ್ಲ ಅದರಲ್ಲಿರಲಿ.