ತಿಂದದ್ದು ಬೈಗುಳವಾದರೆ ಕೊರಿಯನ್ ವಾಕ್ಯವೂ ಬದಲಾಗುತ್ತದೆ

ಪ್ರಶ್ನೆ: ‘ಮೊಕ್ತಾ’ ಎಂದರೆ ತಿನ್ನು. ತಿನ್ನುವವರು, ತಿನ್ನುವ ವಸ್ತು ಇದ್ದರೆ ಸಾಕಲ್ಲವೇ? ‘ಸೊನ್‌ಸೆಂಗ್‌ನಿಮ್‌ಹಂತೆ ಯೋಗುಲ್ ಮೊಗೊಸ್ಸೊ’ (ಮೇಷ್ಟ್ರಿಂದ ಬೈಗುಳ ತಿಂದೆ, ಅಂದರೆ ಬೈಸಿಕೊಂಡೆ) ಎಂಬಲ್ಲಿ ‘ಹಂತೆ’ ಎಂಬ ಪ್ರತ್ಯಯ ಏಕೆ?

ಉತ್ತರ: ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಕನ್ನಡ ವಾಕ್ಯದಲ್ಲಿ ಪದಗಳನ್ನಷ್ಟೇ ಬದಲಿಸಿದರೆ ಕೊರಿಯನ್ ಆಯಿತು ಎಂದು ಕಲಿಸುವವರನ್ನು ನಂಬಬೇಡಿ. ಎರಡರಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ, ನಿಜ. ಅಷ್ಟರಿಂದ ಕೆಲಸ ಮುಗಿಯುವುದಿಲ್ಲ.

ಅನ್ನ ತಿನ್ನಲು ಇನ್ನೊಬ್ಬರು ಬೇಕಿಲ್ಲ. ಬೈಗುಳ ತಿನ್ನಲು ಬೈಯುವವರು ಬೇಕೇ ಬೇಕು. ‘ತಿನ್ನು’ ಎಂಬುದು ‘ಗುರಿಯಾಗು’ ಎಂಬ ಅರ್ಥಕ್ಕೆ ಹೊರಳಿದ ಕೂಡಲೇ ಬೈದವರಿಗೂ ವಾಕ್ಯದಲ್ಲಿ ಜಾಗವಾಗುತ್ತದೆ. ‘ಅಪ್ಪನಿಂದ ಒದೆ ತಿಂದ’ ಎನ್ನುವ ನಮಗೆ ಇದು ಹೊಸದಲ್ಲ. ತಪ್ಪುವುದು ಬೇರೆ ಕಡೆ: ‘ಹಂತೆ’ ಸಾಮಾನ್ಯವಾಗಿ ‘ಗೆ’, ಇಂಥ ಕಡೆ ‘ಇಂದ’. ಕೊನೆಯ ಪದವನ್ನು ‘ಹೆಸ್ಸೊ’ (ಮಾಡಿದೆ) ಎಂದು ಬದಲಿಸಿ ನೋಡಿ, ಮೇಷ್ಟ್ರಿಗೆ ನೀವೇ ಬೈದಂತಾಗುತ್ತದೆ.

ಗೌರವರೂಪದಲ್ಲೂ ಎಡವುತ್ತಾರೆ. ಹಿರಿಯರು ಊಟ ಮಾಡಿದರೆ ‘ದುಶಿದಾ’. ಆದರೆ ‘ಮಾಉಮುಲ್ ಮೊಕ್ತಾ’ (ಮನಸ್ಸು ತಿನ್ನು, ಅಂದರೆ ನಿರ್ಧರಿಸು) ಹಿರಿಯರ ವಿಷಯದಲ್ಲಿ ‘ಮೊಗುಶಿದಾ’ ಆಗುತ್ತದೆ. ‘ದುಶಿದಾ’ ಬಾಯಿಂದ ಒಳಹೋಗುವುದಕ್ಕೆ ಸೇರಿದ್ದು.

ಇನ್ನು ವಿಶೇಷಣ. ‘ನಪ್ಪುನ್ ಮಾಉಮುಲ್ ಮೊಕ್ತಾ’ (ಕೆಟ್ಟ ಯೋಚನೆ ಮಾಡು) ಸರಿ, ಏಕೆಂದರೆ ‘ಮನಸ್ಸು’ ತನ್ನ ಅರ್ಥದಲ್ಲೇ ಇದೆ, ಹೊರಳಿದ್ದು ಕ್ರಿಯಾಪದ ಮಾತ್ರ. ‘ಮಿಯೊಕ್ಕುಗುಲ್ ಮೊಕ್ತಾ’ (ಕಡಲಪಾಚಿ ಸಾರು ತಿನ್ನು) ಎಂದರೆ ಪರೀಕ್ಷೆಯಲ್ಲಿ ಫೇಲಾಗು. ಪಾಚಿ ಜಾರುತ್ತದಲ್ಲ, ಅದಕ್ಕೆ ಎನ್ನುತ್ತಾರೆ. ಇಲ್ಲಿ ಇಡೀ ಪದಗುಚ್ಛಕ್ಕೇ ಒಂದು ಅರ್ಥ. ‘ಬಿಸಿ’ ಎಂದು ಸೇರಿಸಿದರೂ, ‘ನಾನು ತಿಂದ ಸಾರು’ ಎಂದು ತಿರುಗಿಸಿದರೂ ಉಳಿಯುವುದು ಬಟ್ಟಲಿನ ಸಾರು ಮಾತ್ರ. ಬರೆಯುವಾಗಲೂ ಇದೇ ಭೇದ: ‘ಉಲ್’ (ನಮ್ಮ ‘ಅನ್ನು’) ಬಿಟ್ಟರೆ ‘ಮಾಉಮ್‌ಮೊಕ್ತಾ’, ‘ಯೋಕ್‌ಮೊಕ್ತಾ’ ಒಂದೇ ಪದವಾಗಿ ಕೂಡುತ್ತವೆ. ಸಾರನ್ನು ಹಾಗೆ ಕೂಡಿಸಬೇಡಿ.

ಪ್ರಶ್ನೆ: ‘ಪಾರಿ ನೊಲ್ತಾ’ (ಪಾದ ಅಗಲ: ಬಹಳ ಜನರ ಪರಿಚಯವಿದೆ) ಎಂಬುದನ್ನು ‘ನೊಲ್ಬುನ್ ಪಾಲ್’ ಎನ್ನಬಹುದೇ?

ಉತ್ತರ: ಬೇಡ, ಅದು ನಿಜವಾದ ಅಗಲ ಪಾದ. ‘ಪಾರಿ ನೊಲ್ಬುನ್ ಸಾರಮ್’ ಎನ್ನಿ.

ಪ್ರಶ್ನೆ: ಕೊರಿಯನ್ನರ ‘ಅಪ್ಪಾ’, ‘ಓಮ್ಮಾ’ ನಮ್ಮಿಂದ ಹೋದವೇ?

ಉತ್ತರ: ಇಲ್ಲ. ಪ, ಮ ಎಲ್ಲ ಕೂಸುಗಳ ತುಟಿಗೂ ಬೇಗ ಬರುವ ಧ್ವನಿಗಳು. ದ್ರಾವಿಡ ಭಾಷೆಗಳ ಜೊತೆ ಕೊರಿಯನ್ನನ್ನು ಅಮೆರಿಕದ ವಿದ್ವಾಂಸ ಹೋಮರ್ ಹಲ್ಬರ್ಟ್ 1905ರಲ್ಲೇ ಹೋಲಿಸಿದ್ದರು. ನಂಟು ಇಂದಿಗೂ ಸಾಬೀತಾಗಿಲ್ಲ.

ಪ್ರಶ್ನೆ: 30 ದಿನಕ್ಕೆ 300 ನುಡಿಗಟ್ಟುಗಳ ಪಟ್ಟಿ ಕೊಂಡಿದ್ದೇನೆ. ಬಾಯಿಪಾಠ ಮಾಡಲೇ?

ಉತ್ತರ: ಪ್ರತ್ಯಯ ತೋರಿಸದ ಪಟ್ಟಿಯಾದರೆ ಪಕ್ಕಕ್ಕಿಡಿ. ನೀವೇ ಬರೆದುಕೊಳ್ಳಿ: ‘ಯಾರೋ-ಹಂತೆ ಯೋಗುಲ್ ಮೊಕ್ತಾ’, ‘ಏನೋ ಮಾಡು-ಗಿರೊ ಮಾಉಮುಲ್ ಮೊಕ್ತಾ’. ದಿನಕ್ಕೆ ಎರಡು ಸಾಕು.