ಟೋಕಿಯೋದಲ್ಲಿ ಒಂದು ವರ್ಷ ಐಕಿಡೊ: ದುಡ್ಡಿನ ಲೆಕ್ಕ

ಕೆಲಸ ಬಿಟ್ಟು ವರ್ಷ ಪೂರ್ತಿ ಟೋಕಿಯೋದಲ್ಲಿ ಐಕಿಡೊ ಅನ್ನೋ ಜಪಾನಿ ಸಮರಕಲೆ ಕಲೀತೀನಿ, ಬಾಡಿಗೆ, ಊಟ, ಡೋಜೋ (ಅಭ್ಯಾಸ ಶಾಲೆ) ಫೀಸು ಕೂಡಿಸಿ ಹನ್ನೆರಡರಿಂದ ಗುಣಿಸಿದೀನಿ, ಕಮ್ಮಿ ಬಿದ್ರೆ ಸಂಜೆ ಇಂಗ್ಲಿಷ್ ಪಾಠ ಹೇಳ್ಕೊಡ್ತೀನಿ, ಸಾಕಾಗುತ್ತಾ ಅಕ್ಕಾ ಅಂತ ಕೇಳಿದೀಯ. ಗುಣಾಕಾರ ಸರಿಯಾಗೇ ಇದೆ ಕಣಮ್ಮ. ಆದರೆ ದುಡ್ಡು ತಿಂಗಳು ತಿಂಗಳೂ ಒಂದೇ ಸಮ ಖರ್ಚಾಗಲ್ಲ. ಬಂದಿಳಿದ ತಿಂಗಳು ಒಂದು ಸಲ, ಪೆಟ್ಟು ಬಿದ್ದ ತಿಂಗಳು ಇನ್ನೊಂದು ಸಲ ನೀರಿನ ಹಾಗೆ ಹೋಗುತ್ತೆ.

ಇಂಗ್ಲಿಷ್ ಪಾಠ ಮೊದಲು ಲೆಕ್ಕದಿಂದ ಹೊಡೆದುಹಾಕು. ನಿನಗೆ ಬೇಕಾದದ್ದು ಸಾಂಸ್ಕೃತಿಕ ಚಟುವಟಿಕೆಯ ವೀಸಾ. ಇಮಿಗ್ರೇಶನ್‌ನವರ ಪ್ರತ್ಯೇಕ ಅನುಮತಿ ಇಲ್ಲದೆ ಅದರಲ್ಲಿ ಒಂದು ಯೆನ್ ಕೂಡ ದುಡಿಯೋ ಹಾಗಿಲ್ಲ. ಸುತ್ತಾಡ್ತಾ ದುಡಿಯೋಕೂ ಬಿಡೋ ವರ್ಕಿಂಗ್ ಹಾಲಿಡೇ ವೀಸಾ ಭಾರತದವರಿಗೆ ಇಲ್ಲವೇ ಇಲ್ಲ. ಸಾಂಸ್ಕೃತಿಕ ವೀಸಾಗೆ ಡೋಜೋದವರ ಪತ್ರ ಬೇಕು, ಮುಖ ನೋಡದವರಿಗೆ ಅವರು ಅದನ್ನ ಬರೆದುಕೊಡೋದೂ ಕಷ್ಟ. ಅದಕ್ಕೇ ನನ್ನ ಮಾತು ಕೇಳೋದಾದ್ರೆ, ಮೊದಲು ಸಣ್ಣ ಅವಧಿಯ ವೀಸಾದಲ್ಲಿ ಬಂದು ಅಭ್ಯಾಸ ಮಾಡಿ ಹೋಗು, ಆಮೇಲೆ ಊರಿಂದಲೇ ಉದ್ದದ ವೀಸಾಗೆ ಅರ್ಜಿ ಹಾಕು. ಇಲ್ಲೇ ಕೂತು ಬದಲಾಯಿಸಿಕೊಳ್ತೀನಿ ಅಂದ್ರೆ ಸಾಮಾನ್ಯವಾಗಿ ಆಗಲ್ಲ.

ಮನೆ ಹಿಡಿಯೋಕೆ ಹೋದ್ರೆ ಶಿಕಿಕಿನ್ ಅಂತ ಅಡ್ವಾನ್ಸು, ರೇಕಿನ್ ಅಂತ ಮಾಲೀಕರಿಗೆ ಕೊಟ್ಟು ಮರೆಯಬೇಕಾದ ದುಡ್ಡು, ಮೇಲೆ ಜಾಮೀನು ಕಂಪನಿಯ ಫೀಸು, ಬ್ರೋಕರ್ ಕಮಿಷನ್ನು. ಒಳಗೆ ಒಂದು ದೀಪವೂ ಇರಲಿಕ್ಕಿಲ್ಲ! ಒಂದು ವರ್ಷಕ್ಕೆ ಇದೆಲ್ಲ ದಂಡ. ಶೇರ್ ಹೌಸ್ ಹಿಡಿ. ಐಕಿಡೊದ ಕೇಂದ್ರ ಶಾಲೆಯಾದ ಹೊಂಬು ಡೋಜೋದಲ್ಲಿ ಬೆಳಗಿನ ಮೊದಲ ಕ್ಲಾಸು ಆರೂವರೆಗೆ. ದೂರದಲ್ಲಿ ಅಗ್ಗದ ರೂಮು ಸಿಕ್ತು ಅಂತ ಹೋದವರು ಎರಡೇ ತಿಂಗಳಲ್ಲಿ ಆ ಕ್ಲಾಸು ಬಿಟ್ಟದ್ದನ್ನ ನೋಡಿದೀನಿ. ಬಾಡಿಗೆ ಸ್ವಲ್ಪ ಜಾಸ್ತಿಯಾದ್ರೂ ಸೈಕಲ್ ದೂರದಲ್ಲಿರು.

ಬಂದು ವಿಳಾಸ ಗೊತ್ತಾದ 14 ದಿನದೊಳಗೆ ವಾರ್ಡ್ ಆಫೀಸಿನಲ್ಲಿ ಅದನ್ನ ಬರೆಸಬೇಕು. ಆಗಲೇ ರಾಷ್ಟ್ರೀಯ ಆರೋಗ್ಯ ವಿಮೆಗೂ ಸೇರಿಸ್ತಾರೆ. ಹಿಂದಿನ ವರ್ಷ ಜಪಾನಿನಲ್ಲಿ ಆದಾಯ ಇರಲಿಲ್ಲ ಅಂತ ಅಲ್ಲೇ ಬರೆದುಕೊಟ್ರೆ ಕಂತು ಇಳಿಯುತ್ತೆ. ಪಿಂಚಣಿ ಕಂತಿನ ಚೀಟಿಯೂ ಮನೆಗೆ ಬರುತ್ತೆ, ಗಾಬರಿಯಾಗಬೇಡ, ವಿನಾಯಿತಿಗೆ ಅರ್ಜಿ ಹಾಕು.

ಆ ವಿಮೆಯ ಬೆಲೆ ನನಗೆ ಆರನೇ ತಿಂಗಳು ಗೊತ್ತಾಯ್ತು. ಪಕ್ಕದ ಜೋಡಿಗೆ ತಾಗಬಾರದು ಅಂತ ಉಕೆಮಿಯ (ಪೆಟ್ಟಾಗದ ಹಾಗೆ ಬೀಳೋ ವರಸೆಯ) ಮಧ್ಯದಲ್ಲೇ ಮೈ ತಿರುಗಿಸಿದೆ, ಭುಜ ನೇರವಾಗಿ ಮ್ಯಾಟಿಗೆ ಬಡೀತು. ಎಡಗೈಲಿ ಕೂದಲು ಬಾಚೋಕೆ ಏಳು ವಾರ ಆಗಲಿಲ್ಲ. ಆಸ್ಪತ್ರೆಯಲ್ಲಿ ನನ್ನ ಪಾಲು ಶೇಕಡ 30 ಅಷ್ಟೇ, ಅದು ತಡ್ಕೊಂಡೆ. ತಡ್ಕೊಳ್ಳೋಕಾಗದ್ದು ಬಾಡಿಗೆ ಕಟ್ಟಿ, ತಿಂಗಳ ಫೀಸು ಕಟ್ಟಿ, ಗೋಡೆಗೆ ಒರಗಿ ಬೇರೆಯವರ ಅಭ್ಯಾಸ ನೋಡ್ತಾ ಕೂತದ್ದು. ಕೈಲಿ ದುಡ್ಡಿಲ್ಲ ಅಂತ ವಾಸಿಯಾಗೋ ಮೊದಲೇ ಮ್ಯಾಟಿಗೆ ಇಳಿದೆ, ಮತ್ತೆ ಉಳುಕಿತು. ಅದಕ್ಕೇ ಹನ್ನೆರಡರಿಂದ ಗುಣಿಸಬೇಡ, ಹದಿನೈದರಿಂದ ಗುಣಿಸು. ಅಷ್ಟು ದುಡ್ಡಿಲ್ಲದಿದ್ರೆ ಒಂಬತ್ತು ತಿಂಗಳಿಗೆ ಬಾ.

ಗಿ, ಅಂದ್ರೆ ಅಭ್ಯಾಸದ ಬಟ್ಟೆ, ಎಷ್ಟು ಬೇಕು ಅಂದೆಯಲ್ಲ, ಮೂರು. ಜೂನ್-ಜುಲೈನ ತ್ಸುಯು ಮಳೆಯಲ್ಲಿ ಒಗೆದದ್ದು ಎರಡು ದಿನವಾದ್ರೂ ಒಣಗಲ್ಲ, ಕಂಕುಳ ಹೊಲಿಗೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತೆ. ಕಾಯಿನ್ ಲಾಂಡ್ರಿಗೆ ಅಂತ ನೂರು ಯೆನ್ ನಾಣ್ಯಗಳನ್ನ ಒಂದು ಡಬ್ಬಿಯಲ್ಲಿ ಕೂಡಿಡು.