ನ್ಯೂಜಿಲೆಂಡ್‌ನಲ್ಲಿ ನದಿ ನೋಡಿಕೊಳ್ಳುವ ಪ್ರಾದೇಶಿಕ ಕೌನ್ಸಿಲ್ಲೇ ಬಸ್ಸು-ರೈಲನ್ನೂ ಯಾಕೆ ನೋಡಿಕೊಳ್ಳುತ್ತದೆ?

ಈ ಎರಡು ಕೆಲಸಗಳೂ ಊರಿನ ಗಡಿ ದಾಟುವಂಥವು, ಅದಕ್ಕೇ. 1989ರಲ್ಲಿ ಸ್ಥಳೀಯ ಆಡಳಿತವನ್ನು ಹೊಸದಾಗಿ ಕಟ್ಟಿದಾಗ ಈ ಕೌನ್ಸಿಲ್‌ಗಳ ಎಲ್ಲೆಯನ್ನು ಬಹುಮಟ್ಟಿಗೆ ಜಲಾನಯನ ನೋಡಿಯೇ ಎಳೆದರು. ಅಂದರೆ, ಬಿದ್ದ ಮಳೆ ಯಾವ ನದಿಗೆ ಸೇರುತ್ತದೆ ಎಂಬ ಲೆಕ್ಕದಲ್ಲಿ.

ವೆಲ್ಲಿಂಗ್ಟನ್ ನೋಡಿ. ಹಟ್ ನದಿ ಅಪ್ಪರ್ ಹಟ್ ದಾಟಿ, ಲೋವರ್ ಹಟ್ ಮೂಲಕ ಬಂದು ಸಮುದ್ರ ಸೇರುತ್ತದೆ. ಮೇಲಿನ ಊರಿನವರು ತಮ್ಮ ಪಾಡಿಗೆ ಒಡ್ಡು ಎತ್ತರಿಸಿದರೆ ಪ್ರವಾಹದ ನೀರು ಕೆಳಗಿನವರಿಗೆ ಜಾಸ್ತಿ ಬರಬಹುದು, ಅಲ್ವಾ? ಅದೇ ಕಣಿವೆಯಲ್ಲಿ ರೈಲು ಹಳಿಯೂ ಇದೆ. ಬೆಳಗಾದರೆ ಜನ ಕೆಲಸಕ್ಕೆ ವೆಲ್ಲಿಂಗ್ಟನ್‌ಗೆ ಹೊರಡುತ್ತಾರೆ. ಹಾಗಾಗಿ ಒಡ್ಡು, ನದಿ ನೀರಿನ ಗುಣಮಟ್ಟ, ‘ಮೆಟ್‌ಲಿಂಕ್’ ಹೆಸರಿನ ಬಸ್ಸು-ರೈಲು ಎಲ್ಲವೂ ಗ್ರೇಟರ್ ವೆಲ್ಲಿಂಗ್ಟನ್ ಕೌನ್ಸಿಲ್ ಕೈಯಲ್ಲಿ.

ಹಾಗಂತ ಕೌನ್ಸಿಲ್ಲೇ ಡ್ರೈವರ್‌ಗಳನ್ನು ಇಟ್ಟುಕೊಂಡಿಲ್ಲ. ರೂಟು, ವೇಳೆ, ಟಿಕೆಟ್ ದರ ಅದು ತೀರ್ಮಾನಿಸುತ್ತದೆ. ಓಡಿಸುವುದು ಗುತ್ತಿಗೆ ಹಿಡಿದ ಕಂಪನಿಗಳು.

ನನ್ನ ಪ್ರಕಾರ ನಿಜವಾದ ತೊಡಕು ರಸ್ತೆಯದ್ದು. ಊರೊಳಗಿನ ರಸ್ತೆಗಳು ನಗರ ಕೌನ್ಸಿಲ್‌ನವು. ಬಸ್ಸಿಗೆ ಪ್ರತ್ಯೇಕ ಲೇನ್ ಬೇಕೆಂದರೆ ಪ್ರಾದೇಶಿಕ ಕೌನ್ಸಿಲ್ ಇವರನ್ನು ಒಪ್ಪಿಸಬೇಕು. ಆಕ್ಲೆಂಡ್‌ನಲ್ಲಾದರೆ 2010ರಲ್ಲಿ ಪ್ರಾದೇಶಿಕ, ನಗರ ಎರಡೂ ಹಂತ ಸೇರಿಸಿ ಒಂದೇ ಕೌನ್ಸಿಲ್ ಮಾಡಿದರು.